ಬೆಸುಗೆ ನಗುವ ಹೊತ್ತು

ಅವರ ಎರಡೂ ಹುಬ್ಬುಗಳ ತುದಿ ಸುಟ್ಟು ಕೆಂಚಾಗಿತ್ತು. ಊದುಕೊಳವೆಯನ್ನು ತುಟಿಗಿಟ್ಟು, ಬೆಂಕಿಯ ನಾಲಗೆಯನ್ನು ಬೆಳ್ಳಿಯತ್ತ ಬಾಗಿಸುತ್ತ ಬಾಳು ಸವೆಸಿದವರ ಗುರುತು ಅದು. ಶಿರಾಳಕೊಪ್ಪದ ಆ ಅಕ್ಕಸಾಲಿಗರನ್ನು ನಾವು ಆಚಾರ್ರು ಎಂದೇ ಕರೆಯುತ್ತಿದ್ದೆವು. ಇಷ್ಟಲಿಂಗವನ್ನಿಟ್ಟು ಕೊರಳಿಗೆ ಧರಿಸುವ ಬೆಳ್ಳಿಯ ಕರಡಿಗೆ ಮಾಡುವುದರಲ್ಲಿ ಅವರದು ಎತ್ತಿದ ಕೈ. ರಿಪೇರಿಗೆಂದು ಹೋದವರಿಗೆ, "ಮೊದ್ಲು ಸ್ವಾಮಿಗೆ ಬ್ಯಾರೆ ಜಾಗ ಮಾಡ್ರಿ, ಆಮ್ಯಾಲೆ ನನ್ನ ಬೆಂಕಿ" ಎನ್ನುತ್ತಿದ್ದರು. ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಳ್ಳುವವರೆಗೂ ಗೋಡೆಯ ಕಡೆಗೆ ಮುಖ ತಿರುಗಿಸಿ ಕೂರುತ್ತಿದ್ದರು.

ಆಭರಣ ವಿನ್ಯಾಸ ಓದುವ ನನ್ನ ಮೊಮ್ಮಗಳನ್ನು ಅವರ ಬಳಿ ಕಲಿಯಲು ಬಿಟ್ಟವನು ನಾನೇ. ಗುರುವಿನ ಸನ್ನೆಗೆ ಮುಂಚೆ ಕೈ ಆಡಬಾರದು, ಬಾಯಿಯೂ ಆಡಬಾರದು ಎಂದು ಬುದ್ಧಿ ಹೇಳಿ ಕಳುಹಿಸಿದ್ದೆ.

ಮೊದಲ ದಿನವೇ ಆಚಾರ್ರು ಅವಳ ನೋಟುಪುಸ್ತಕವನ್ನು ಮುಚ್ಚಿಸಿದರು. "ಬೆಸುಗೆಗೆ ಹಚ್ಚಿದ ಬಿಳಿಗಾರ ಕರಗಿ ಕಣ್ಣೀರಿನಂಗ ತಿಳಿ ಆಗ್ತತಿ ತಾಯಿ. ಆಗ ಬೆಸುಗೆ ಒಂದ್ಸಲ ನಗ್ತತಿ. ನಕ್ಕ ಕೂಡ್ಲೆ ಬೆಂಕಿ ತೆಗಿ."

"ನಗೋದು ಹೆಂಗೆ ಗೊತ್ತಾಗ್ತತಿ ಅಜ್ಜಾ?"

"ನಿಮ್ಮ ಅಜ್ಜಾರು ವರ್ಷಕ್ಕೊಂದ್ಸಲ ನಗ್ತಾರಲ್ಲ, ಹಂಗ. ರೆಪ್ಪೆ ಬಡದ್ರ ಹೋತು."

ಎರಡನೆಯ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ಹೋಯಿತು. ಓರೆಯಾದ ತುಟಿಯಲ್ಲಿ ಕೊಳವೆ ನಿಲ್ಲದೆ ಉಸಿರೆಲ್ಲ ಪಕ್ಕಕ್ಕೆ ಸೋರಿ ಹೋಗುತ್ತಿತ್ತು. ಆದರೂ ಅವರು ಕುಲುಮೆಯ ಬಳಿ ಬಂದು ಕೂರುತ್ತಿದ್ದರು. ಮೊಮ್ಮಗಳು ಊದಬೇಕು, ಬೆಂಕಿ ತೆಗೆಯುವ ಹೊತ್ತಿಗೆ ಅವರು ಎಡಗೈಯ ತೋರುಬೆರಳನ್ನು ಎತ್ತಬೇಕು: ಅದು ಅವರಿಬ್ಬರ ಒಪ್ಪಂದ.

ಒಂದು ದಿನ ಬೆಂಕಿಗೆ ಬಂದದ್ದು ನನ್ನದೇ ಕರಡಿಗೆ, ನನ್ನ ತಂದೆ ಧರಿಸಿದ್ದುದು. ದಾರ ಪೋಣಿಸುವ ಕೊಂಡಿಯೊಂದು ಕಿತ್ತುಬಂದಿತ್ತು. ಬಿಳಿಗಾರ ತಿಳಿಯಾಯಿತು. ಬೆಸುಗೆ ಮಿಂಚಿತು. ಅದು ಪಕ್ಕದಲ್ಲಿ ಕೂತಿದ್ದ ನನಗೂ ಕಂಡಿತು. ಆಚಾರ್ರ ಕಣ್ಣು ಅರಳಿತು, ಬೆರಳು ನಡುಗಿತು, ಹೊತ್ತಿಗೆ ಸರಿಯಾಗಿ ಏಳಲಿಲ್ಲ. ಅವಳು ಆ ಬೆರಳನ್ನೇ ನೋಡುತ್ತ ಊದುತ್ತಿದ್ದಳು. ಒಂದು 'ಸಾಕು' ಎಂಬ ಮಾತು ನನ್ನ ಗಂಟಲಿನಲ್ಲಿತ್ತು, ಗುರುಸನ್ನಿಧಿಯೆಂದು ತಡೆದೆ. ಅಷ್ಟರಲ್ಲಿ ಕೊಂಡಿ ಕರಗಿ, ಕರಡಿಗೆಯ ಅಂಚು ಮೇಣದಂತೆ ಕುಸಿಯಿತು.

"ನಗೋದು ನಂಗೆ ಕಾಣ್ತು ಅಜ್ಜಾ. ನೀವು ಬೆರಳು ಎತ್ತುತೀರಿ ಅಂತ ಕಾದೆ" ಎಂದು ಅವಳು ಬಿಕ್ಕಿದಳು.

ಆಚಾರ್ರು ಏನೋ ಹೇಳಹೋದರು. ಬರಿಯ ಉಸಿರು ಬಂತು. ಎಡಗೈಯಿಂದ ಅವಳ ಕೈಯನ್ನು ಎಳೆದು ಕೊಳವೆಯ ಮೇಲಿಟ್ಟು, ತಮ್ಮ ಬೆರಳನ್ನು ಪಂಚೆಯ ಮಡಿಕೆಯೊಳಗೆ ಅಡಗಿಸಿಕೊಂಡರು. ನಿನ್ನ ಕಣ್ಣನ್ನೇ ನಂಬು ಎಂದರೆಂದು ನಾನು ತಿಳಿದೆ. ಮರುವಾರ ಅವರು ಶಿವಾಧೀನರಾದರು.

ಹೊಸ ಕರಡಿಗೆ ಮಾಡಿಕೊಡುವೆನೆಂದು ಮೊಮ್ಮಗಳು ಅನ್ನುತ್ತಾಳೆ. ಈಗ ಅವಳು ಯಾರ ಬೆರಳನ್ನೂ ಕಾಯುವುದಿಲ್ಲ. ನಾನು ಇನ್ನೂ ಒಪ್ಪಿಲ್ಲ. ಕೊಂಡಿಯಿಲ್ಲದ ಕಡೆ ದಾರ ಸುತ್ತಿ ಅದನ್ನೇ ಧರಿಸುತ್ತೇನೆ. ಮುಂಜಾನೆಯ ಪೂಜೆಯಲ್ಲಿ ಆ ಕುಸಿದ ಅಂಚು ಹೆಬ್ಬೆರಳಿಗೆ ತಾಕುತ್ತದೆ, ಮಂತ್ರ ತಪ್ಪುತ್ತದೆ, ಮತ್ತೆ ಮೊದಲಿನಿಂದ ಹೇಳುತ್ತೇನೆ.