ಎತ್ತಿದರೆ ಯಾರೂ ಇರದ ಫೋನು

ಬಸವಕಲ್ಯಾಣದ ನಮ್ಮ ಮನೆ ರೈತರ ಕಾಳು ಕೊಳ್ಳುವ ನಮ್ಮದೇ ಅಡತಿ ಅಂಗಡಿಯ ಬೆನ್ನಿಗೇ ಅಂಟಿಕೊಂಡಿದೆ. ಮುಂದೆ ತೊಗರಿ, ಕಡಲೆಯ ಚೀಲಗಳು ಮತ್ತು ತೂಕದ ಕಾಟ, ಹಿಂದೆ ನಾವು. ನಡುವೆ ಒಂದು ಬಾಗಿಲು, ಅದಕ್ಕೊಂದು ಪರದೆ. ನಮ್ಮ ಬೇಳೆ ಗಿರಣಿ ಇರುವುದು ಹುಮನಾಬಾದಿನಲ್ಲಿ, ನನ್ನ ತವರೂರಿನಲ್ಲಿ. ಅಂಗಡಿಯ ಫೋನಿನ ತಂತಿಯನ್ನೇ ಎಳೆದು ಅಡುಗೆಮನೆಯಲ್ಲೂ ಒಂದು ಫೋನು ಇಟ್ಟಿದ್ದರು. ಪ್ಯಾರಲಲ್ ಫೋನು. ಮುಂದೆ ಮಾತು ನಡೆದಾಗ ಇಲ್ಲಿ ರಿಸೀವರ್ ಎತ್ತಿದರೆ ಎರಡೂ ಕಡೆಯವರ ಮಾತು ಕೇಳುತ್ತಿತ್ತು, ಆ ಕಡೆಯವರದು ಮಾತ್ರ ತೀರ ಸಣ್ಣಗೆ.

ಮನೆಯವರಿಗೂ ಕರೆಗಳು ಬರುತ್ತವೆ ಎಂದು ಮಾವ ಅದನ್ನು ಹಾಕಿಸಿದ್ದರಂತೆ. ಅತ್ತೆ ಅದನ್ನು ಬಳಸಿದ್ದು ಬೇರೆಯದಕ್ಕೆ. ಅಂಗಡಿಯಲ್ಲಿ ಗಂಟೆ ಬಾರಿಸಿ ನಿಂತ ಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಒಂದಿಷ್ಟು ತಡೆದು, ಮೆಲ್ಲಗೆ ರಿಸೀವರ್ ಎತ್ತುತ್ತಿದ್ದರು. ಸಪ್ಪಳವಾಗದಂತೆ ಬಳೆಗಳನ್ನು ಮೊಣಕೈ ಕಡೆ ಸರಿಸಿ, ಉಸಿರು ಕೇಳಿಸದಂತೆ ಮಾತಾಡುವ ತುದಿಗೆ ಎಡ ಅಂಗೈ ಒತ್ತಿಹಿಡಿದು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಆ ಗೋಡೆಯ ಮೇಲೆ ಅವರ ಹಣೆ ತಾಗುವಲ್ಲಿ ಸುಣ್ಣ ಸವೆದು ನುಣ್ಣಗಾಗಿತ್ತು.

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದನ್ನು ನೋಡಿ ಮುಜುಗರವಾಗುತ್ತಿತ್ತು. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು, ಮರೆಯಲ್ಲಿ ನಿಂತು ಇನ್ನೊಬ್ಬರ ಮಾತು ಕೇಳುವುದು ಸುಳ್ಳು ಹೇಳಿದಷ್ಟೇ ತಪ್ಪು ಎಂದು ಕಲಿಸಿದ್ದರು. ಆದರೆ ಅತ್ತೆ ಕೇಳಿಸಿಕೊಂಡದ್ದನ್ನು ಏನು ಮಾಡುತ್ತಾರೆ ಎಂಬುದು ನಿಧಾನವಾಗಿ ಕಣ್ಣಿಗೆ ಬಿತ್ತು. ಮೋರಖಂಡಿಯ ರೈತರೊಬ್ಬರು ರೇಟು ಕೇಳುವ ನಡುವೆ ಮಗಳು ಹೆರಿಗೆಗೆ ಬಂದಿದ್ದಾಳೆ ಎಂದರೆ, ಅವರ ಮುಂದಿನ ಗಾಡಿ ಖಾಲಿ ಚೀಲಗಳ ಜೊತೆ ಒಂದು ಡಬ್ಬಿ ಅಂಟಿನುಂಡಿ ಹೊತ್ತುಕೊಂಡು ಹೋಗುತ್ತಿತ್ತು. ರೊಟ್ಟಿ ಬಡಿಸುತ್ತ ಬಡಿಸುತ್ತ, ನಾರಾಯಣಪುರದವರ ಮಾಲು ಈ ಸಲ ಹಸಿ ಇರಬಹುದು, ಕೈಯಾಡಿಸಿ ನೋಡಿ ತಗೊ ಎಂದು ಮಗನಿಗೆ, ಅಂದರೆ ನಮ್ಮವರಿಗೆ, ಹೇಳುತ್ತಿದ್ದರು, ಕನಸಿನಲ್ಲಿ ಕಂಡವರ ಹಾಗೆ. ನಿನಗೆ ಹೇಗೆ ಗೊತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳದಿರುವುದು ಈ ಮನೆಯ ರಿವಾಜು.

ರಸ್ತೆ ಅಗೆದಾಗಲೆಲ್ಲ ಫೋನು ಸತ್ತುಹೋಗುತ್ತಿತ್ತು. ಕೊನೆಗೆ ನಮ್ಮವರು ಬೇಸತ್ತು ಹಳೆಯದನ್ನೆಲ್ಲ ತೆಗೆಸಿ ಇಂಟರ್‌ನೆಟ್ ಫೋನು ಹಾಕಿಸಿದರು. ನಂಬರು ಹಳೆಯದೇ. ಆದರೆ ಇಲ್ಲಿಂದ ಮೂರು ಅಂಕಿ ಒತ್ತಿದರೆ ಹುಮನಾಬಾದಿನ ಗಿರಣಿಯಲ್ಲಿ ಗಂಟೆ ಬಾರಿಸುತ್ತದೆ, ಪಕ್ಕದ ಕೋಣೆಯಲ್ಲಿ ಬಾರಿಸಿದ ಹಾಗೆ. ಅಂಗಡಿಯ ಗೋಡೆಯಿಂದ ಹಳೆಯ ಫೋನಿನ ತಂತಿಗಳು ಕೂಡುವ ಡಬ್ಬಿ ಇಳಿಸಿದಾಗ ಅದರ ಹಿಂದೆ ಮಾವನ ಕಾಲದ ಹಸಿರು ಬಣ್ಣ ಚೌಕಾಕಾರವಾಗಿ ಹಾಗೇ ಉಳಿದಿತ್ತು. ಮುಂಚೆ ಎಲ್ಲ ಫೋನುಗಳೂ ಒಂದೇ ತಂತಿಗೆ ಜೋತುಬಿದ್ದಿದ್ದವು, ಈಗ ಒಂದೊಂದಕ್ಕೂ ತನ್ನದೇ ಮೂರಂಕಿಯ ಒಳನಂಬರು ಎಂದು ನಾನು ಅತ್ತೆಗೆ ತಿಳಿಸಿ ಹೇಳಿದೆ. ಅವರು ಕೇಳಿದ್ದು ಇಷ್ಟೇ: ಅಡುಗೆಮನೆಯಲ್ಲಿ ಫೋನು ಇರುತ್ತದಲ್ಲ? ಇರುತ್ತದೆ ಎಂದೆ. ಬಂತು ಕೂಡ, ಕಪ್ಪನೆಯದು, ಪುಟ್ಟ ಪರದೆಯಲ್ಲಿ ಹೊತ್ತು ತೋರಿಸುವಂಥದ್ದು.

ಮರುದಿನ ಅಂಗಡಿಯಲ್ಲಿ ಮಾತು ಶುರುವಾಯಿತು. ಅತ್ತೆ ಬಳೆ ಸರಿಸಿ ರಿಸೀವರ್ ಎತ್ತಿದರು. ಕಿವಿಯಿಂದ ತೆಗೆದು ಅದನ್ನು ನೋಡಿದರು. ಮತ್ತೆ ಕಿವಿಗಿಟ್ಟರು. ಬರೀ ಗುಂಯ್ ಎನ್ನುವ ಸದ್ದು. ಸಂಜೆ ಹೊತ್ತಿಗೆ ಫೋನು ಕೆಟ್ಟಿದೆ ಎಂದು ಮಗನಿಗೆ ದೂರು ಹೋಯಿತು.

ಫೋನು ಹಾಕಿದ ಮೆಕ್ಯಾನಿಕ್ ಊರವರೇ, ನಮ್ಮನ್ನೆಲ್ಲ ಬಲ್ಲವರು. ಬಂದು ತಮ್ಮ ಮೊಬೈಲಿಂದ ರಿಂಗ್ ಮಾಡಿ ನೋಡಿದರು, ಇಲ್ಲಿಂದ ಗಿರಣಿಗೆ ಮಾತಾಡಿ ನೋಡಿದರು.

"ಬರೋಬ್ಬರಿ ಅದ ಅಮ್ಮಾ. ಏನ್ ತಕ್ರಾರ ನಿಮ್ದು?"

"ಎತ್ತಿದ್ರ ಯಾರೂ ಇರಂಗಿಲ್ಲಪಾ ಅದರಾಗ."

"ನಂಬರ್ ಒತ್ರಿ, ಬರ್ತಾರ."

"ನಾ ಯಾಕ ಒತ್ತಲಿ? ನನಗ ಯಾರ ಸಂಗಾಟ ಮಾತಾಡೂದದ?"

ಮೆಕ್ಯಾನಿಕ್ ನನ್ನ ಮುಖ ನೋಡಿದರು, ನಾನು ಒಲೆಯ ಕಡೆ ನೋಡಿದೆ. ಮನೆಯ ಲೆಕ್ಕದಲ್ಲಿ ತಾವು ಎಂದೂ ಎತ್ತಿಯೇ ಇಲ್ಲದ ಫೋನಿನಲ್ಲಿ ಏನು ಕೇಳಿಸುತ್ತಿಲ್ಲ ಎಂದು ಅತ್ತೆ ಹೇಳುವುದಾದರೂ ಹೇಗೆ?

ಆಮೇಲಿನ ದಿನಗಳಲ್ಲಿ ಊಟದ ಹೊತ್ತಿಗೆ ಅತ್ತೆಯ ಬಳಿ ಹೇಳಲು ಏನೂ ಇರಲಿಲ್ಲ. ಉಪ್ಪು ಬೇಕಾ, ಮಜ್ಜಿಗೆ ಬೇಕಾ ಎಂದಷ್ಟೇ. ಮಗ ಕೈತೊಳೆಯಲು ಏಳುವಾಗ ಒಂದು ಕ್ಷಣ ಅವನ ಮುಖ ನೋಡಿ ತಟ್ಟೆ ಎತ್ತುತ್ತಿದ್ದರು. ಫೋನು ಒರೆಸುವ ನೆವದಲ್ಲಿ ರಿಸೀವರ್ ಎತ್ತಿ ಕಿವಿಯ ಹತ್ತಿರ ತಂದು ಇಟ್ಟುಬಿಡುವುದನ್ನೂ ಕಂಡೆ. ಚಹಾ ಕೊಡಲು ಪರದೆಯವರೆಗೆ ಹೋದರೆ, ಅಂಗಡಿಯಲ್ಲಿ ನಮ್ಮವರು ಎಂದಿನಂತೆ ಎದುರಿನವರ ಮಾತನ್ನೇ ತಿರುಗಿ ಗಟ್ಟಿಯಾಗಿ ಹೇಳುತ್ತಿದ್ದರು: ಏನಂದ್ರಿ, ನಾಳಿಗಿ ಬರ್ತೀರಿ, ಮಾಲು ಒಣಗ್ಯಾದಂತೀರಿ. ಮಾವ ಬದುಕಿದ್ದಾಗ ಅವರಿಗೂ ಇದೇ ರೂಢಿಯಿತ್ತು. ಅಪ್ಪ ಮಗ ಇಬ್ಬರಿಗೂ ಕಿವಿ ಮಂದ ಎಂದು ನಾನು ಅಂದುಕೊಂಡಿದ್ದೆ.

ಹೀಗಿರುವಾಗ ಮುಡಬಿಯ ಹಳೆಯ ರೈತರೊಬ್ಬರು ತೊಗರಿ ತಂದರು. ನಾನು ಚಹಾದ ತಟ್ಟೆ ಹಿಡಿದು ಪರದೆಯ ಹಿಂದಿದ್ದೆ, ಅತ್ತೆ ನನ್ನ ಪಕ್ಕದಲ್ಲೇ. ಆ ರೈತರು ಚೀಲ ಇಳಿಸುವ ಮೊದಲೇ ಕೇಳಿದರು:

"ಸಾವಕಾರ್ರ, ಅಮ್ಮಾರಿಗಿ ಆರಾಮ ಇಲ್ಲೇನ್ರಿ?"

"ಆರಾಮ ಇದ್ದಾಳಲ್ರಿ. ಯಾಕ?"

"ಅಲ್ಲ, ಈಗ ಫೋನಿನ್ಯಾಗ ಕುಕ್ಕರ್ ಸೀಟಿ ಕೇಳ್ಸಂಗಿಲ್ಲ. ನಮ್ಮಕಿ ಬಿದ್ದು ಕಾಲು ಮುರ್ಕೊಂಡಾಳಂತ ನಿಮಗ ಹೇಳಿದ್ದೆ. ಅಮ್ಮಾರ ಕಡಿಂದ ಒಂದು ಮಾತಿಲ್ಲ. ಅದಕ್ಕ ಜರಾ ಅಂಜಿಕಿ ಆತು."

ಆ ಸುದ್ದಿಯನ್ನು ನಮ್ಮವರು ಮನೆಯಲ್ಲಿ ಹೇಳಿರಲೇ ಇಲ್ಲ. ಹೇಳುವ ಅಗತ್ಯ ಯಾವತ್ತೂ ಬಿದ್ದಿರಲಿಲ್ಲವಲ್ಲ. "ಹೊಸ ಫೋನು ರಿ. ಇದರಾಗ ಅವ್ವಗ ಕೇಳ್ಸಂಗಿಲ್ಲ" ಎಂದರು, ಹೊರಗೆ ಬಿಸಿಲು ಜಾಸ್ತಿ ಎಂದಷ್ಟು ಸಲೀಸಾಗಿ.

ಅಂದರೆ ಎಲ್ಲರಿಗೂ ಗೊತ್ತಿತ್ತು. ಮಾವನಿಗೆ, ಮಗನಿಗೆ, ಮುಡಬಿಯವರಿಗೂ. ಎದುರಿನವರ ಮಾತನ್ನು ಗಟ್ಟಿಯಾಗಿ ತಿರುಗಿ ಹೇಳುತ್ತಿದ್ದದ್ದು ಯಾರಿಗಾಗಿ ಎಂಬುದು ನನಗೆ ಹೊಳೆದದ್ದು ಆಗಲೇ. ಅತ್ತೆ ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ಮಧ್ಯಾಹ್ನ ಮುಡಬಿಗೆ ಕಳಿಸಲು ಡಬ್ಬಿಗೆ ಉಂಡಿ ತುಂಬುತ್ತ ನನಗಷ್ಟೇ ಕೇಳುವಂತೆ ಹೇಳಿದರು:

"ಫೋನ್ ಎತ್ತೂದ್ರಕಿಂತ ಮೊದಲ ಕುಕ್ಕರ್ ಇಳಸ್ಬೇಕಿತ್ತು ನೋಡು."

ನಮ್ಮವರು ಮೆಕ್ಯಾನಿಕ್‌ರನ್ನು ಮತ್ತೆ ಕರೆಸಿದರು. ಹಳೆಯ ಹಾಗೆ ಕೇಳುವಂತೆ ಮಾಡಲು ದಾರಿ ಇದೆ, ಆದರೆ ಇನ್ನೊಬ್ಬರು ಕೇಳುತ್ತಿದ್ದಾರೆ ಎಂದು ಕರೆ ಮಾಡಿದವರಿಗೆ ಹೇಳಬೇಕಾಗುತ್ತದೆ ಎಂದರು ಅವರು. ಅದು ಬೇಡವೆಂದಾಯಿತು. ಬದಲಿಗೆ, ಅಂಗಡಿಯಲ್ಲಿ ಯಾರೂ ಎತ್ತದಿದ್ದರೆ ಅಡುಗೆಮನೆಯಲ್ಲಿ ಗಂಟೆ ಬಾರಿಸುವ ಹಾಗೆ ಮಾಡಿ ಹೋದರು. ಅದನ್ನು ಎತ್ತಲು ಅತ್ತೆ ಸುತರಾಂ ಒಪ್ಪಲಿಲ್ಲ. ಕೇಳುವುದು ಬೇರೆ, ಮಾತಾಡುವುದು ಬೇರೆ, ಗಂಡಸರಿಗೆ ನಾನೇನು ಹೇಳಲಿ ಎಂದರು. ಬಾರಿಸಿದಾಗಲೆಲ್ಲ ನಾನೇ ಎತ್ತಿ, ಆಮೇಲೆ ಮಾಡಿ ಎಂದು ಹೇಳಿ ಇಡುತ್ತಿದ್ದೆ.

ನಮ್ಮವರು ಹುಮನಾಬಾದಿಗೆ ಹೋಗಿದ್ದ ಒಂದು ದಿನ ಅದು ಬಾರಿಸಿತು. ನನ್ನ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಅತ್ತೆ ನನ್ನನ್ನು ನೋಡಿದರು, ನಾನು ಕೈ ಎತ್ತಿ ತೋರಿಸಿದೆ. ಒರೆಸಿಕೊಳ್ಳಬಹುದಿತ್ತು, ಒರೆಸಿಕೊಳ್ಳಲಿಲ್ಲ. ಗಂಟೆ ನಿಲ್ಲಲಿಲ್ಲ. ಅತ್ತೆ ಮೊದಲು ಕುಕ್ಕರಿನ ಉರಿ ಆರಿಸಿದರು. ಬಳೆ ಸರಿಸಿದರು. ಎತ್ತಿದರು.

ಆ ಕಡೆಯವರು ಹಲೋ ಎಂದರು, ನನಗೂ ಕೇಳಿಸಿತು. ಅತ್ತೆ ಏನೋ ಅಂದರು. ಅವರು ಮತ್ತೆ ಹಲೋ, ಹಲೋ ಎಂದರು. ಅತ್ತೆ ಇನ್ನೂ ಜೋರಾಗಿ ಅಂದರು. ಆ ಕಡೆಯವರಿಗೆ ಕೇಳಿಸುತ್ತಲೇ ಇಲ್ಲ. ನಾನು ನೋಡಿದರೆ ಅತ್ತೆಯ ಎಡ ಅಂಗೈ ಎಂದಿನ ಹಾಗೆ ಮಾತಾಡುವ ತುದಿಯನ್ನು ಬಿಗಿಯಾಗಿ ಮುಚ್ಚಿತ್ತು.

"ಅತ್ತಿ, ಕೈ ತೆಗೀರಿ," ಎಂದೆ.

ಅವರು ತಮ್ಮ ಕೈಯನ್ನು ನೋಡಿಕೊಂಡರು, ಅದು ಬೇರೆ ಯಾರದೋ ಎಂಬಂತೆ. ಮೆಲ್ಲಗೆ ತೆಗೆದು ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗೋಡೆಗೆ ಊರಿದರು.

"ನಾನ್ರಿ, ಮನಿಯಾಗಿಂದ," ಎಂದರು. "ಹೇಳ್ರಿ, ಕೇಳಾಕತ್ತೇನಿ."