ಕಡಾಯಿ ನೆಲ ಬಿಡುವ ತನಕ

ಹೊಳೆ ಏರಿದ ಮೇಲೆ ಹಗ್ಗ ಹುಡುಕುವ ಮಂದಿಯನ್ನು ಕಂಡರೆ ಸತ್ತೆವ್ವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ಪ್ರತಿ ವರ್ಷ ಜೂನ್ ಮೊದಲ ವಾರದ ಮಿರಗದ ಮಳೆಗೆ ಹದಿನೈದು ದಿನ ಮೊದಲೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆ ಮನೆ ಬಾಗಿಲು ಬಡಿಯುತ್ತಿದ್ದಳು. ಒಂದು ಮನೆಯಿಂದ ನಾಲ್ಕು ಮಾರು ಹಗ್ಗ, ಒಂದು ಮನೆಯಿಂದ ಡಬ್ಬಿ ಡಾಂಬರು, ಇನ್ನೊಂದರಿಂದ ಉದ್ದನೆಯ ಬಿದಿರು ಗಳ, ಈಸುವವರು ಹೊಟ್ಟೆಗೆ ಕಟ್ಟಿಕೊಳ್ಳಲು ಒಣಗಿದ ಸೋರೆ ಬುರುಡೆ. ಕೊಡುವುದಿಲ್ಲ ಎಂದವರ ಹೊಸ್ತಿಲ ಮೇಲೆ ಕುಕ್ಕರಿಸಿ ಕೂತುಬಿಡುತ್ತಿದ್ದಳು. ಎಲೆ ಅಡಿಕೆ ಹಾಕಿಕೊಂಡು ಸಂಜೆ ತನಕ ಕೂರುವಳು. ಕೊನೆಗೆ ಮನೆಯವರೇ ಸೋತು ಅಟ್ಟ ಹತ್ತಿ ಹಗ್ಗ ಹುಡುಕುವರು. ವಸ್ತಿಯವರು ಇದಕ್ಕೆ "ಸತ್ತೆವ್ವನ ಕಂದಾಯ" ಎಂದು ಹೆಸರಿಟ್ಟಿದ್ದರು. ಸರ್ಕಾರದ ಕಂದಾಯವನ್ನಾದರೂ ತಪ್ಪಿಸಬಹುದಿತ್ತು, ಇದನ್ನು ತಪ್ಪಿಸುವ ಗಂಡಸು ಇನ್ನೂ ಹುಟ್ಟಿರಲಿಲ್ಲ.

ಸದಲಗಾದಿಂದ ಮೂರು ಮೈಲಿ ಆಚೆ, ದೂಧಗಂಗೆಯ ದಂಡೆಯ ಏರಿನ ಮೇಲೆ ನಲವತ್ತು ಮನೆಗಳ ಮಾಳವಸ್ತಿ. ಮುಂದೆ ಹೊಳೆ, ಹಿಂದೆ ಹಳ್ಳ. ಹೊಳೆ ತುಂಬಿದರೆ ನೀರು ಹಿಮ್ಮುಖವಾಗಿ ಹಳ್ಳಕ್ಕೆ ನುಗ್ಗಿ ಸದಲಗಾದ ದಾರಿಯನ್ನೇ ನುಂಗುತ್ತಿತ್ತು. ಡಾಕ್ಟರು ಆಚೆ, ಹಾಲಿನ ಡೈರಿ ಆಚೆ, ಹಿಟ್ಟಿನ ಗಿರಣಿಯೂ ಆಚೆ. ದೋಣಿ ಇರಲಿಲ್ಲ. ಇದ್ದದ್ದು ಮುರಗೆಪ್ಪ ಸಾವಕಾರರ ಗಾಣದ ಕಡಾಯಿ. ಸುಗ್ಗಿಯಲ್ಲಿ ಅದರಲ್ಲಿ ಕಬ್ಬಿನ ಹಾಲು ಕುದಿದು ಬೆಲ್ಲವಾಗುತ್ತಿತ್ತು. ಮಳೆಗಾಲದಲ್ಲಿ ಅದೇ ಕಡಾಯಿಯನ್ನು ನೀರಿಗೆ ಇಳಿಸಿದರೆ ಎಂಟು ಹತ್ತು ಜನ ಕೂರುತ್ತಿದ್ದರು, ಮೂವರು ಗಂಡಸರು ಅಂಚು ಹಿಡಿದು ಈಸುತ್ತ ದೂಡುತ್ತಿದ್ದರು. ದುಂಡನೆಯ ಕಡಾಯಿ, ನೀರಿನಲ್ಲಿ ಗಿರಗಿರ ತಿರುಗುವುದು. ಒಳಗೆ ಕೂತವರಿಗೆ ತಲೆ ಸುತ್ತಬಾರದೆಂದರೆ ನೀರು ನೋಡಬಾರದು, ದಂಡೆಯ ಮೇಲಿನ ಗುಡಿಯ ಕಳಸ ನೋಡುತ್ತ ಕೂರಬೇಕು.

ಎಂಬತ್ತೊಂದರ ಮಳೆಗಾಲದಲ್ಲಿ ಆ ಕಡಾಯಿ ಊರಲ್ಲಿರಲಿಲ್ಲ. ಸಾವಕಾರರ ರಾಯಬಾಗದ ಕಡೆಯ ಬೀಗರು ಬೇಸಿಗೆಯಲ್ಲಿ ಒಯ್ದವರು ತಿರುಗಿ ತಂದಿರಲಿಲ್ಲ. ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ. ನೀರು ಬಂದ ಎರಡನೆಯ ದಿನ ಬೆಳಿಗ್ಗೆ ಸತ್ತೆವ್ವನ ಗಂಡ ಮಾಳಸಿದ್ದನಿಗೆ ಕುರಿಹಟ್ಟಿಯಲ್ಲಿ ಹಾವು ಕಚ್ಚಿತು. ಆಗ ಎಲ್ಲರೂ ಓಡಾಡಿದರು. ಹಗ್ಗ ಹುಡುಕಿದರು, ಗಳ ಹುಡುಕಿದರು, ಬುರುಡೆ ಹುಡುಕಿದರು. ಹೊತ್ತು ನೆತ್ತಿಗೆ ಬರುವುದರೊಳಗೆ ಮಾಳಸಿದ್ದ ಸದಲಗಾದ ದಿಕ್ಕಿಗೆ ಕಣ್ಣು ನೆಟ್ಟುಕೊಂಡೇ ಹೋದ.

ದಿನಕರ್ಮ ಮುಗಿದ ಮರುದಿನವೇ ಸತ್ತೆವ್ವ ಸಾವಕಾರರ ಕಟ್ಟೆಗೆ ಹೋಗಿ ನಿಂತಳು. ಅಳಲಿಲ್ಲ, ಬೈದಳು. ಬೀಗರನ್ನು ಬೈದಳು, ವಸ್ತಿಯನ್ನು ಬೈದಳು, ಸಾವಕಾರರನ್ನೂ ಬಿಡಲಿಲ್ಲ. ಮುರಗೆಪ್ಪ ದೊಡ್ಡ ಮನುಷ್ಯ, ತಲೆ ತಗ್ಗಿಸಿ ಕೇಳಿಸಿಕೊಂಡ. ಕಡಾಯಿ ತಿರುಗಿ ಬಂದ ದಿನ ಅದರ ಅಂಚು ಮುಟ್ಟಿ ಎಲ್ಲರ ಮುಂದೆ ಮಾತು ಕೊಟ್ಟ: "ಮಿರಗದಿಂದ ದಸರಾ ತನಕ ಈ ಕಡಾಯಿ ವಸ್ತಿದು. ನಾ ಕೇಳಿದ್ರೂ ಕೊಡಬ್ಯಾಡ್ರಿ."

ಆ ಮಾತು ಮುರಗೆಪ್ಪ ಇರುವ ತನಕ ನಡೆಯಿತು. ಅವನು ತೀರಿದ ಮೂರು ವರ್ಷಕ್ಕೆ, ಎಂಬತ್ತೊಂಬತ್ತರ ಬೇಸಿಗೆಯಲ್ಲಿ, ಮಗ ವಿರುಪಾಕ್ಷಪ್ಪ ಗಾಣ ಮುಚ್ಚಿದ. ಕಬ್ಬೆಲ್ಲ ಸಕ್ಕರೆ ಕಾರ್ಖಾನೆಗೆ ಹೋಗತೊಡಗಿದ ಮೇಲೆ ಗಾಣ ಯಾರಿಗೆ ಬೇಕು? ಹೊಳೆಯಿಂದ ಹೊಲಕ್ಕೆ ನೀರೆತ್ತಲು ಅವನಿಗೆ ಪೈಪು ಬೇಕಾಗಿತ್ತು. ನಿಪ್ಪಾಣಿಯ ಮೋಡಕಾ ವ್ಯಾಪಾರಿ, ಹಳೇ ಕಬ್ಬಿಣ ಕೊಳ್ಳುವ ಗಂಗಾರಾಮ, ಗಾಣವನ್ನೂ ಕಡಾಯಿಯನ್ನೂ ಒಯ್ದು ಬದಲಿಗೆ ಪೈಪು ಕೊಡಲು ಒಪ್ಪಿದ್ದ.

ಲಾರಿ ಬಂದ ದಿನ ಸತ್ತೆವ್ವ ಕಂದಾಯ ಎತ್ತಲು ಹೊರಟಿದ್ದಳು. ಹೆಗಲ ಮೇಲೆ ಹಗ್ಗದ ಸುರುಳಿ, ಕೈಯಲ್ಲಿ ಡಾಂಬರಿನ ಡಬ್ಬಿ. ಗಾಣದ ಉರುಳೆಗಳು ಆಗಲೇ ಲಾರಿ ಏರಿದ್ದವು. ನಾಲ್ವರು ಹಮಾಲರು ಕಡಾಯಿಯ ಕೆಳಗೆ ಹಾರೆ ತೂರಿಸುತ್ತಿದ್ದರು. ಅವಳು ಸೀದಾ ಹೋಗಿ, ಸೀರೆ ಎತ್ತಿ ಕಟ್ಟಿ, ಕಡಾಯಿಯೊಳಗೆ ಇಳಿದು ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತಳು.

"ಏ ಸತ್ತೆವ್ವ, ಏನಿದು ನಾಟಕ? ಏಳು ಮ್ಯಾಲ" ಎಂದ ವಿರುಪಾಕ್ಷಪ್ಪ.

"ಏಳಾಂಗಿಲ್ರಿ ಸಾವಕಾರ್ರ. ನಿಮ್ಮಪ್ಪ ಈ ಅಂಚು ಮುಟ್ಟಿ ಮಾತು ಕೊಟ್ಟಾನ."

"ಅಪ್ಪ ಸತ್ತು ಮೂರು ವರ್ಷ ಆತು."

"ಮಾತೂ ಸತ್ತತೇನ್ರಿ? ಹಂಗಾರ ಅವನ ಹೊಲಾನೂ ಸಾಯಬೇಕಿತ್ತಲ್ಲ. ಅದು ಹೆಂಗ ನಿಮ್ಮ ಹೆಸರಿಗಿ ಬಂತು?"

ಕೂಡಿದ ಮಂದಿ ನಕ್ಕಿತು. ವಿರುಪಾಕ್ಷಪ್ಪನ ಕಿವಿ ಕೆಂಪಾದವು. ಗಂಗಾರಾಮ ಬೆವರು ಒರೆಸಿಕೊಳ್ಳುತ್ತ ನಡುವೆ ಬಂದ. "ಮಾವಶಿ, ಹಂಗ ಮಾಡಬ್ಯಾಡ್ರಿ. ನಾ ಬಡವ, ಲಾರಿ ಬಾಡಿಗಿ ಸುಮ್ನ ಏರಾಕತ್ತೇತಿ."

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲಪಾ. ನೆರಳಿಗಿ ಕುಂದರ್ ಹೋಗು."

ಬಿಸಿಲಿಗೆ ಕಡಾಯಿ ಕಾದು ಹಂಚಾಗಿತ್ತು. ಸತ್ತೆವ್ವ ಹಗ್ಗದ ಸುರುಳಿಯನ್ನೇ ಕೆಳಗೆ ಹಾಸಿಕೊಂಡಳು. ಗಂಡನ ತಮ್ಮ ಜಕ್ಕಪ್ಪ, ವಸ್ತಿಯಲ್ಲೇ ದೊಡ್ಡ ಈಸುಗಾರ, ಅವಳ ತಲೆಯ ಮೇಲೆ ನೆರಳಿಗೆ ಕಂಬಳಿ ಹಿಡಿದು ನಿಂತ. ನೆರೆಮನೆಯ ಮುದುಕಿ ತಾರವ್ವ ರೊಟ್ಟಿ, ನೀರು ತಂದಳು. ಮಧ್ಯಾಹ್ನ ಜಾರಿತು. ಹೆಂಗಸಿನ ಮೈ ಮುಟ್ಟಿ ಎಬ್ಬಿಸಲು ಹಮಾಲರು ಒಪ್ಪಲಿಲ್ಲ. ಕೊನೆಗೆ ವಿರುಪಾಕ್ಷಪ್ಪನ ತಾಳ್ಮೆ ಹರಿಯಿತು.

"ಕಡಾಯಿ ಕಡಾಯಿ ಅಂತ ಎದಿ ಬಡಕೋತಿಯಲ್ಲ, ನಿಮಗಷ್ಟು ಬೇಕಾದ್ರ ಇಷ್ಟ ತೂಕದ ಕಬ್ಬಣ ತಂದು ಇವನ ಮುಂದ ಸುರೀರಿ! ಕಬ್ಬಣ ಇವ ಒಯ್ಯಲಿ, ಕಡಾಯಿ ನೀವ ಇಟ್ಕೋರಿ. ಐತೇನು ಈ ಲಂಗೋಟಿ ವಸ್ತ್ಯಾಗ ಅಷ್ಟು ಕಬ್ಬಣ?"

ಹಂಗಿಸಲು ಆಡಿದ ಮಾತು ಅದು. ಬಾಯಿಂದ ಬಿದ್ದ ಮೇಲೆ ಅವನಿಗೇ ಹಗುರಾಯಿತು, ನಗುತ್ತ ಸುತ್ತ ನೋಡಿದ. ಆದರೆ ಯಾರೂ ನಗಲಿಲ್ಲ. ಸತ್ತೆವ್ವ ಅಂಚು ಹಿಡಿದು ಎದ್ದು ನಿಂತಳು.

"ಎಲ್ಲಾರೂ ಕೇಳಿದ್ರೇನಪಾ? ಗಂಗಾರಾಮಣ್ಣ, ನೀ ಕೇಳಿದ್ಯಾ?"

"ಕೇಳಿದೆ ಮಾವಶಿ. ನನಗ ಯಾವ ಕಬ್ಬಣ ಆದ್ರೂ ಅಷ್ಟ."

"ಹಂಗಾರ ತಕ್ಕಡಿ ಕಟ್ಟು. ಜಕ್ಕಪ್ಪ, ನಮ್ಮ ಒಲಿ ಮ್ಯಾಲಿನ ಹಂಚು ತಗೊಂಡು ಬಾ."

"ವೈನಿ, ರೊಟ್ಟಿ?"

"ಮಣ್ಣಿನ ಹಂಚಿನ ಮ್ಯಾಲ ಬಡಿತೀನಿ. ಹೋಗಂದ್ರ ಹೋಗಲೇ!"

ಅಷ್ಟು ದೊಡ್ಡ ಕಡಾಯಿ ತೂಗುವ ತಕ್ಕಡಿ ಎಲ್ಲಿ ತರುವುದು? ಗಾಣದ್ದೇ ತೊಲೆಯನ್ನು ಹುಣಸೆಮರದ ದಪ್ಪ ಕೊಂಬೆಗೆ ನಡುಮಧ್ಯಕ್ಕೆ ಕಟ್ಟಿದರು. ಒಂದು ತುದಿಗೆ ಗಾಡಿಯ ಹಲಗೆ ತೂಗುಬಿಟ್ಟರು. ಇನ್ನೊಂದು ತುದಿಗೆ ಕಡಾಯಿಯ ಬಳೆಗಳಿಗೆ ಸರಪಳಿ ಹಾಕಿ ಬಿಗಿದರು. ಹಲಗೆಯ ಮೇಲೆ ಕಬ್ಬಿಣ ಬೀಳುತ್ತ ಬೀಳುತ್ತ ಕಡಾಯಿ ನೆಲ ಬಿಡಬೇಕು, ಅದೇ ಲೆಕ್ಕ.

ಮೊದಲು ಬಿದ್ದದ್ದು ಸತ್ತೆವ್ವನ ಹಂಚು. ಠಣ್ ಎಂದಿತು. ಅದರ ಹಿಂದೆ ವಸ್ತಿಯೇ ಕಲಕಿ ಬಂತು. ಸವೆದ ನೇಗಿಲ ಗುಳ, ಮುರಿದ ಕುಂಟೆಯ ಕುಡ, ಗಾಡಿಯ ಗಾಲಿಯಿಂದ ಕಿತ್ತ ಕಬ್ಬಿಣದ ಪಟ್ಟಿ, ಬಾವಿಯ ಗಡಗಡಿ, ಕುರಿಯ ಉಣ್ಣೆ ಕತ್ತರಿಸುವ ತುಕ್ಕು ಕತ್ತರಿಗಳು. ಯಾರೋ ಒಬ್ಬ ಇನ್ನೂ ಓಡುತ್ತಿದ್ದ ಸೈಕಲ್ಲನ್ನೇ ತಂದು ಒಗೆದ. "ಲೇ, ಅದು ನಿಮ್ಮಣ್ಣಂದು" ಎಂದರೆ, "ಅವ ಕಾಗವಾಡಕ್ಕ ದ್ರಾಕ್ಷಿ ತ್ವಾಟದ ಕೂಲಿಗಿ ಹೋಗ್ಯಾನ, ಬರಾತನಕ ಮರೀತಾನ" ಎಂದ. ಹೋದ ವರ್ಷ ಹೊಸ್ತಿಲ ಮೇಲೆ ಕೂತರೂ ಎರಡು ಮಾರು ಹಗ್ಗಕ್ಕೆ ಅಳುಮುಖ ಮಾಡಿದ್ದವರೇ ಈಗ ಕೊಟ್ಟಿಗೆ ಬಾಗಿಲ ಚಿಲಕ ಕೀಳುತ್ತಿದ್ದರು. "ಲಂಗೋಟಿ ವಸ್ತಿ" ಎಂದದ್ದು ಅವರಿಗೆ ನಾಟಿತ್ತು. ಬಡವನ ಹತ್ತಿರ ಏನನ್ನಾದರೂ ಕಸಿದುಕೊಳ್ಳಿ, ಹಂಗಿಸಿ ಮಾತ್ರ ಕಸಿಯಬೇಡಿ.

ಹೊತ್ತು ಇಳಿಯುವಷ್ಟರಲ್ಲಿ ಹಲಗೆ ತುಂಬಿತು. ತೊಲೆ ಕಿರ್ ಎಂದಿತು. ಕಡಾಯಿಯ ಒಂದು ಮಗ್ಗುಲು ಎದ್ದಂತಾಗಿ ಮತ್ತೆ ಕೂತಿತು.

"ಮಾವಶಿ, ನೀವು ಇಳೀರಿ" ಎಂದ ಗಂಗಾರಾಮ. "ನಿಮ್ಮ ತೂಕಾನೂ ಅದರಾಗ ಐತಿ."

"ಇಳ್ಯಾಂಗಿಲ್ಲ."

ಜಕ್ಕಪ್ಪ ತಲೆ ಚಚ್ಚಿಕೊಂಡ. "ವೈನಿ, ನೀ ಇಳಿದ್ರ ಈಗಿಂದೀಗ ಗೆದ್ದಂಗ ಬೇ!"

"ನಾ ಇಳದ ಕೂಡಲೆ ನಾಲ್ಕ ಮಂದಿ ಹಾರಿ ಹಾಕಿ ಲಾರಿಗಿ ಒಗೀತಾರ. ಈ ದೊಡ್ಡವರ ಮಾತು ಮೂರ ವರ್ಷಕ್ಕ ಸಾಯ್ತಾವಂತ ಈಗರೆ ಕೇಳಿದೆಲ್ಲ? ನನ್ನ ಕೂಡೇ ತೂಗ್ರಿ. ನನ್ನ ತೂಕದ ಕಬ್ಬಣಾನೂ ಹಾಕ್ರಿ. ಕಡಾಯಿ ನೆಲಾ ಬಿಟ್ಟ ಮ್ಯಾಲ ನಾ ಇಳಿತೀನಿ."

ಹಟವೆಂದರೆ ಹಟ. ಆದರೆ ವಸ್ತಿಯಲ್ಲಿ ಇನ್ನು ಕಬ್ಬಿಣವೆಲ್ಲಿತ್ತು? ಜನ ಒಬ್ಬರ ಮುಖ ಒಬ್ಬರು ನೋಡಿದರು. ವಿರುಪಾಕ್ಷಪ್ಪ ಮೀಸೆಯಡಿಯಲ್ಲಿ ನಕ್ಕ. "ಕುಂದರು. ನಿನ್ನ ಮೈ ತೂಕಕ್ಕ ನೀನ ಸೋಲ್ತಿ."

ಆಗ ಸಾವಕಾರರ ವಾಡೆಯ ಬಾಗಿಲಿನಿಂದ ಕರಕರ ಸದ್ದು ಬಂತು. ವಿರುಪಾಕ್ಷಪ್ಪನ ಹೆಂಡತಿ ಗೌರಾಬಾಯಿ ತಲೆಯ ಮೇಲೆ ಸೆರಗು ಹೊದ್ದು ಮುಂದೆ ಬರುತ್ತಿದ್ದಳು. ಹಿಂದೆ ಇಬ್ಬರು ಆಳುಗಳು ಕಬ್ಬಿಣದ ಮಂಚವನ್ನು ಎಳೆದು ತರುತ್ತಿದ್ದರು. ಸಾವಕಾರ ಮಧ್ಯಾಹ್ನ ಉಂಡು ಮಲಗುವ, ನಾಲ್ಕು ಮೂಲೆಗೂ ಹಿತ್ತಾಳೆ ಗುಂಡಿನ ಮಂಚ.

"ಏ, ಏ! ಅದು ನನ್ನ ಮಂಚ!"

"ನಿಮ್ಮದಲ್ರಿ. ಅಥಣಿಯಿಂದ ನಮ್ಮಪ್ಪ ಕೊಟ್ಟದ್ದು" ಎಂದಳು ಗೌರಾಬಾಯಿ, ಗಂಡನ ಕಡೆ ತಿರುಗದೆ. "ನನ್ನ ಎರಡನೇ ಹೆರಿಗಿ ಹೊತ್ತಿಗಿ ಹೊಳಿ ಬಂದಿತ್ತು. ಈ ಕಡಾಯ್ಯಾಗ ಕುಂತು ಸದಲಗಾಕ್ಕ ಹೋಗೀನಿ. ಸತ್ತೆವ್ವ ನನ್ನ ಕೈ ಹಿಡಿದು ಗುಡಿ ನೋಡು, ಗುಡಿ ನೋಡು ಅಂದ್ಲು. ನೀವು ಆಗ ಕೊಲ್ಹಾಪುರದಾಗ ಇದ್ರಿ. ಹಾಕ್ರೋ ಮ್ಯಾಲ."

ಮಂಚ ಹಲಗೆಯ ಮೇಲೆ ಬಿತ್ತು. ತೊಲೆ ನರಳಿತು. ಕಡಾಯಿ ಮೊದಲು ಒಂದು ಮಗ್ಗುಲು, ಆಮೇಲೆ ಇನ್ನೊಂದು ಮಗ್ಗುಲು, ನಿಧಾನಕ್ಕೆ ಗೇಣು ಮೇಲೆದ್ದು, ಸತ್ತೆವ್ವನನ್ನು ಹೊತ್ತುಕೊಂಡೇ ನೀರಿನಲ್ಲಿ ತಿರುಗಿದ ಹಾಗೆ ಗಾಳಿಯಲ್ಲಿ ಅರ್ಧ ಸುತ್ತು ತಿರುಗಿತು. ಜನ ಕೂಗಿದ ಕೂಗಿಗೆ ಹುಣಸೆಮರದ ಕಾಗೆಗಳೆಲ್ಲ ಹಾರಿದವು. ಸತ್ತೆವ್ವ ಮಾತ್ರ ಅಭ್ಯಾಸಬಲದಿಂದ ಗುಡಿಯ ಕಳಸವನ್ನೇ ನೋಡುತ್ತಿದ್ದಳು.

"ಝಾಲಾ, ಆತು!" ಎಂದ ಗಂಗಾರಾಮ. "ನನಗ ಮುಟ್ಟಿತು. ಸಾವಕಾರ, ನಿಮ್ಮ ಪೈಪು ನಾಳಿಗಿ ಬರತಾವ."

"ನನ್ನ ಜಾಗದಾಗಿಂದ ಆ ಕಡಾಯಿ ತಗೊಂಡು ಹೋಗ್ರಿ" ಎಂದಷ್ಟೇ ಹೇಳಿ ವಿರುಪಾಕ್ಷಪ್ಪ ಒಳಗೆ ನಡೆದ. ಹನ್ನೆರಡು ಜನ ಗಳ ಹಾಕಿ ಹೊತ್ತು ಅದನ್ನು ಗುಡಿಯ ಮುಂದೆ ಬೋರಲು ಹಾಕಿದರು. ಮರುದಿನ ಸತ್ತೆವ್ವ ಬಿರುಕಿಗೆಲ್ಲ ಡಾಂಬರು ಮೆತ್ತಿದಳು, ಉಳಿದ ಕಂದಾಯ ಎತ್ತಿ ಮುಗಿಸಿದಳು. ಈ ಸಲ ಯಾರ ಹೊಸ್ತಿಲ ಮೇಲೂ ಕೂರಬೇಕಾಗಲಿಲ್ಲ.

ಶ್ರಾವಣದಲ್ಲಿ ನೀರು ಬಂತು. ರಾತ್ರಿಯೆಲ್ಲ ಏರಿ ಬೆಳಿಗ್ಗೆ ದಾರಿ ಮುಚ್ಚಿತ್ತು. ಅದೇ ಬೆಳಿಗ್ಗೆ ದುಂಡವ್ವ ಎಂಬ ಬಾಣಂತಿಗೆ ವಾಂತಿ ಭೇದಿ ಹಿಡಿದು ಕಣ್ಣು ಮೇಲಾದವು. ಯಾರೂ ಹಗ್ಗ ಹುಡುಕಲಿಲ್ಲ. ಗುಡಿಯ ಮೂಲೆಯಲ್ಲಿ ಹಗ್ಗವಿತ್ತು, ಗಳವಿತ್ತು, ಬುರುಡೆಗಳಿದ್ದವು. ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತಿನಲ್ಲಿ ಕಡಾಯಿ ನೀರಿಗಿಳಿಯಿತು. ಸತ್ತೆವ್ವ ದುಂಡವ್ವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಅತ್ತ ದಂಡೆಗೆ ಮುಟ್ಟಿ, ಗಾಡಿ ಹತ್ತಿಸಿ, ಡಾಕ್ಟರ ಕೈಗೆ ಒಪ್ಪಿಸಿ, ಸಲೈನು ಏರಿದ್ದನ್ನು ಕಣ್ಣಾರೆ ನೋಡಿಯೇ ತಿರುಗಿದಳು.

ವಾಪಸು ಬಂದಾಗ ಇತ್ತ ದಂಡೆಯಲ್ಲಿ ವಿರುಪಾಕ್ಷಪ್ಪ ಹಾಲಿನ ನಾಲ್ಕು ಕ್ಯಾನು ಇಟ್ಟುಕೊಂಡು ನಿಂತಿದ್ದ. ಅವನ ಹನ್ನೊಂದು ಎಮ್ಮೆಗಳ ಹಾಲು. ಇನ್ನೊಂದು ತಾಸು ತಡೆದರೆ ಒಡೆಯುವುದು.

"ಡೈರಿಗಿ ಮುಟ್ಟಬೇಕು" ಎಂದ, ನೀರನ್ನು ನೋಡುತ್ತ.

"ಮೊದಲು ಮಂದಿ, ಆಮ್ಯಾಲ ಹಾಲು. ತಾರವ್ವನ ಮಮ್ಮಗಗೂ ಈಗ ಭೇದಿ ಹತ್ತೇತಂತ, ಅವನ ಔಷಧ ತರೂದೈತಿ."

"ನಮ್ಮ ಮನಿ ಮಂಚಾನೂ ಹೋಗೇತಿ ಇದಕ್ಕ."

"ಮಂಚ ಕೊಟ್ಟಾಕಿ ಗೌರಾಬಾಯಿ. ಆಕಿ ಬಂದ್ರ ಈಗ ಕುಂಡ್ರಿಸಿಕೊಂಡು ಹೋಗ್ತೀನಿ. ನೀವೇನು ಕೊಟ್ಟೀರಿ?"

ಕಡಾಯಿಯ ಅಂಚು ಹಿಡಿದು ನಿಂತಿದ್ದ ಜಕ್ಕಪ್ಪ ಏದುಸಿರು ಬಿಡುತ್ತಿದ್ದ. ಜೊತೆಗಿದ್ದ ಇಬ್ಬರಲ್ಲಿ ಒಬ್ಬ ಕಾಲು ಸೆಟೆದು ದಂಡೆಗೆ ಹತ್ತಿ ಕೂತಿದ್ದ. ಸತ್ತೆವ್ವ ಅದನ್ನು ನೋಡಿದಳು, ಆಮೇಲೆ ಸಾವಕಾರನ ಬಿಳಿ ಅಂಗಿ ನೋಡಿದಳು. ಇವನು ಚಿಕ್ಕಂದಿನಲ್ಲಿ ಮಾಳಸಿದ್ದನ ಬೆನ್ನು ಹತ್ತಿ ಇದೇ ಹಳ್ಳದಲ್ಲಿ ಈಸು ಕಲಿತವನು.

"ತಮ್ಮಾ" ಎಂದಳು. ಹದಿನೈದು ವರ್ಷದ ಮೇಲೆ ಬಾಯಿಗೆ ಬಂದ ಮಾತು. "ಮೂರನೇ ಆಳು ಕಡಿಮಿ ಬಿದ್ದೇತಿ. ಅಂಗಿ ಕಳಿ, ಬುರುಡಿ ಕಟ್ಟಿಕೋ. ಔಷಧಾನೂ ಬರಲಿ, ನಿನ್ನ ಹಾಲೂ ಹೋಗಲಿ."

ವಸ್ತಿಯೆಲ್ಲ ದಂಡೆಯ ಮೇಲಿತ್ತು. ವಾಡೆಯ ಮೆಟ್ಟಿಲ ಮೇಲೆ ಗೌರಾಬಾಯಿಯೂ ನಿಂತಿದ್ದಳು. ವಿರುಪಾಕ್ಷಪ್ಪ ಒಂದು ಗಳಿಗೆ ಕ್ಯಾನುಗಳನ್ನು ನೋಡಿದ. ಆಮೇಲೆ ಅಂಗಿಯ ಗುಂಡಿ ಬಿಚ್ಚತೊಡಗಿದ.

ಕಡಾಯಿ ಮತ್ತೆ ನೀರಿಗೆ ಬಿತ್ತು. ಕ್ಯಾನುಗಳ ನಡುವೆ ಸತ್ತೆವ್ವ, ಅಂಚಿಗೆ ಮೂರು ತಲೆ. ನಡುನೀರಿನಲ್ಲಿ ಅದು ಗಿರಗಿರ ತಿರುಗಿದಾಗ ವಿರುಪಾಕ್ಷಪ್ಪ ನೀರು ಕುಡಿದು ಕೆಮ್ಮಿದ.

"ಜೋರ ದೂಡ್ರಿ ಸಾವಕಾರ್ರ" ಎಂದು ಸತ್ತೆವ್ವ ಮೇಲಿನಿಂದ ಗದರಿಸಿದಳು. "ಮಂಚದ ಮ್ಯಾಲ ಮಲಗೀರೇನು?"