ಟೇಪಿನ ಆ ತುದಿ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಟೈಲರ್. ಅವರ ಅಂಗಡಿ ಮುಂದಿನ ರಸ್ತೆಯಡಿ ಭೂಮಿ ಸೀಳಿದೆ. ಸೀಳಿನ ಆಚೆಯ ನೆಲ ಒಂದು ಕಡೆಗೆ, ಈಚೆಯ ನೆಲ ಇನ್ನೊಂದು ಕಡೆಗೆ ಸದ್ದಿಲ್ಲದೆ ಸರಿಯುತ್ತದೆ. ವರ್ಷಕ್ಕೆ ಎಷ್ಟು ಅಂತ ಕೇಳಿದರೆ ಭಾವ ಅಂಗಿಯ ಗುಂಡಿ ತೋರಿಸಿ, "ಇದರಗಲ" ಅನ್ನುತ್ತಾರೆ. ಅಂಗಡಿಯ ಮೆಟ್ಟಿಲು ಎರಡು ಸಲ ಬಿರಿದಿದೆ. ಚರಂಡಿಯ ಕಲ್ಲುಸಾಲು ಸೊಟ್ಟಗಾಗಿದೆ.

ಇಪ್ಪತ್ತೆರಡು ವರ್ಷದ ಹಿಂದೆ ಭೂಕಂಪದ ಕಚೇರಿಯವರು ಬಂದು ಅಂಗಡಿಯ ಹೊಸ್ತಿಲ ಬಳಿ ಒಂದು, ರಸ್ತೆಯಾಚೆ ಓರೆಯಾಗಿ ಇನ್ನೊಂದು ಹಿತ್ತಾಳೆ ಮೊಳೆ ಬಡಿದರು. ಪ್ರತಿ ತಿಂಗಳ ಒಂದನೇ ತಾರೀಖು ಎರಡು ಮೊಳೆಗಳ ನಡುವಿನ ದೂರ ಅಳೆದು ಬರೆಯಲು ನಂಬಿಕಸ್ತರೊಬ್ಬರು ಬೇಕಿತ್ತು. ಟೈಲರಲ್ಲದೆ ಇನ್ಯಾರು? ಉಕ್ಕಿನ ಟೇಪು, ಒಂದು ಪುಸ್ತಕ ಕೊಟ್ಟು ಹೋದರು. ಟೇಪಿನ ಸೊನ್ನೆಯನ್ನು ಆಚೆಯ ಮೊಳೆಗೆ ಒತ್ತಿ ಹಿಡಿಯುವ ಕೆಲಸ ಅಕ್ಕನದು.

"ಭೂಮಿಗೆ ಅಂಗಿ ಹೊಲೀತೀರಾ ಭಾವ?" ಅಂತ ನಾನು ರೇಗಿಸುತ್ತಿದ್ದೆ.

"ಮೊದಲು ನಿನ್ನ ಬಾಯಿಗೆ ಹೊಲಿಗೆ ಹಾಕ್ತಾರೆ ನೋಡು!" ಅಕ್ಕ ಆಚೆಯಿಂದಲೇ ಕೂಗುತ್ತಿದ್ದಳು.

ಜ್ವರವಿರಲಿ, ಮಳೆಯಿರಲಿ, ಒಂದು ತಿಂಗಳೂ ತಪ್ಪಿಸಲಿಲ್ಲ. ಪುಸ್ತಕದಲ್ಲಿ ಖಾಲಿ ಸಾಲು ಬೀಳಬಾರದು, ಅದೊಂದೇ ಇಬ್ಬರ ಹಟ.

ಹೋದ ವರ್ಷ ಅಕ್ಕ ತೀರಿಕೊಂಡಳು. ಬೆಳಿಗ್ಗೆ ಆಸ್ಪತ್ರೆಯಿಂದ ತಂದು ನಡುಮನೆಯಲ್ಲಿ ಮಲಗಿಸಿದ್ದೆವು. ಅವತ್ತು ಒಂದನೇ ತಾರೀಖು. ಭಾವ ಟೇಪು ಹಿಡಿದು ಬಂದು, "ಬಾರೋ, ಐದು ನಿಮಿಷ, ಆ ತುದಿ ಹಿಡ್ಕೊ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಮನುಷ್ಯರಾ ನೀವು? ಅವಳಿಲ್ಲಿ ಹೀಗೆ ಮಲಗಿದಾಳೆ, ನಿಮಗೆ ಟೇಪು ಬೇಕಾ?"

ಕಿತ್ತುಕೊಂಡು ಮೊಣಕಾಲಿಗೆ ಒತ್ತಿ ಮಡಚಿದೆ. ಟೇಪು ಎರಡು ತುಂಡಾಯಿತು.

ಭಾವ ಬಗ್ಗಿ ತುಂಡುಗಳನ್ನು ಎತ್ತಿಕೊಂಡರು.

"ನಿನ್ನೆ ಅವಳೇ ಹೇಳಿದ್ದು ಕಣೋ. ನಾಳೆ ನನ್ ಕೈಲಾಗಲ್ಲ, ತಮ್ಮನ ಕೈಲಿ ಹಿಡಿಸಿ, ಹಾರಾಡ್ತಾನೆ, ಆದ್ರೂ ಹಿಡೀತಾನೆ ಅಂದ್ಳು."

ಕಚೇರಿಯವರು ಹೊಸ ಟೇಪು ಕೊಟ್ಟರು. ಒಂದು ತಿಂಗಳು ತಪ್ಪಿದರೆ ಏನೂ ಆಗುವುದಿಲ್ಲ ಅಂದರು. ಅವರಿಗೆ ಆಗದಿರಬಹುದು.

ಈಗ ಆಚೆಯ ಮೊಳೆಯ ಪಕ್ಕ ಮಂಡಿಯೂರುವವನು ನಾನು. ಅಕ್ಕ ಊರಿ ಊರಿ ಅಲ್ಲಿನ ಕಲ್ಲು ನುಣುಪಾಗಿದೆ. ಭಾವ ಅಳತೆ ಓದಿ ಪುಸ್ತಕ ತೆಗೆಯುತ್ತಾರೆ. ಬರೆಯುವ ಮುಂಚೆ ಹಿಂದಿನ ಪುಟ ತಿರುವಿ ಆ ಖಾಲಿ ಸಾಲಿನ ಮೇಲೆ ಬೆರಳಿಡುತ್ತಾರೆ. ಅವರು ಬಿಡು ಅನ್ನುವವರೆಗೆ ನಾನು ತುದಿ ಬಿಡುವುದಿಲ್ಲ.